ಹಾನ್ ಚಕ್ರವರ್ತಿ ವೂ ಮತ್ತೆ ಮತ್ತೆ ನಂಬಿದ್ದೇಕೆ?

ಒಬ್ಬ ಮಾಂತ್ರಿಕನ ಮೋಸ ಬಯಲಾದ ಮೇಲೂ, ಅಮರನಾಗುವ ಆಸೆ ಹೊತ್ತಿದ್ದ ಪ್ರಾಚೀನ ಚೀನಾದ ಹಾನ್ ವಂಶದ ಚಕ್ರವರ್ತಿ ವೂ ಇನ್ನೊಬ್ಬನನ್ನು ನಂಬಿದ್ದು ಹೇಗೆ ಎಂದು ಕೇಳಿದ್ದೀರಿ. ಇತಿಹಾಸಕಾರ ಸಿಮಾ ಚಿಯೆನ್ ಬರೆದಿಟ್ಟ ಒಂದು ಪ್ರಸಂಗದಲ್ಲೇ ಇದಕ್ಕೆ ಉತ್ತರವಿದೆ ಎಂದು ನನಗೆ ಅನಿಸುತ್ತದೆ.

ಶಾವೊ ವೆಂಗ್ ಎಂಬ ಮಾಂತ್ರಿಕ ರೇಷ್ಮೆಯ ಮೇಲೆ ಬರೆದ ಓಲೆಯನ್ನು ಎತ್ತಿಗೆ ತಿನ್ನಿಸಿ, ಅದರ ಹೊಟ್ಟೆಯಲ್ಲಿ ಏನೋ ಅದ್ಭುತವಿದೆ ಎಂದ. ಕೊಯ್ದಾಗ ಓಲೆಯೇನೋ ಸಿಕ್ಕಿತು, ಆದರೆ ಕೈಬರಹ ಯಾರದೆಂದು ಅರಸನಿಗೆ ಗೊತ್ತಾಯಿತು. ಶಾವೊ ವೆಂಗ್‌ನನ್ನು ಗುಟ್ಟಾಗಿ ಕೊಲ್ಲಿಸಿದ.

ಆಮೇಲೆ ಅರಸನನ್ನು ಕಾಡಿದ್ದು ಮೋಸಹೋದ ಸಿಟ್ಟಲ್ಲ. ಸತ್ತವನ ವಿದ್ಯೆಯೆಲ್ಲ ತನಗೆ ದಕ್ಕದೆ ಹೋಯಿತಲ್ಲ ಎಂಬ ಹಳಹಳಿ! ಅದೇ ಗುರುವಿನ ಬಳಿ ಕಲಿತಿದ್ದ ಲುವಾನ್ ತಾ ಬಂದು, ತನಗೂ ಅದೇ ಗತಿಯಾದೀತೆಂಬ ಭಯ ತೋಡಿಕೊಂಡಾಗ, ಚಕ್ರವರ್ತಿ ಕೊಟ್ಟ ಉತ್ತರ ನೋಡಿ: ಶಾವೊ ವೆಂಗ್ ಕುದುರೆಯ ಪಿತ್ತಜನಕಾಂಗ ತಿಂದು ಸತ್ತನಂತೆ. ಕುದುರೆಯ ಆ ಭಾಗ ವಿಷವೆಂದು ಆಗ ನಂಬಿದ್ದರು. ಮೋಸಗಾರನ ಮಾನವನ್ನು ಅರಸನೇ ಕಾಪಾಡಿದ, ಏಕೆಂದರೆ ಅಮರತ್ವದ ಬಾಗಿಲು ಮುಚ್ಚುವುದು ಅವನಿಗೆ ಬೇಕಿರಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಕರುಳು ಚುರುಕ್ ಎನ್ನುತ್ತದೆ.

ಲುವಾನ್ ತಾಗೆ ಸೇನಾಪತಿಯ ಬಿರುದು ಸಿಕ್ಕಿತು, ರಾಜಕುಮಾರಿಯೂ ಮಡದಿಯಾದಳು. ಕ್ರಿ.ಪೂ. 112ರಲ್ಲಿ ಅವನಿಗೂ ಮರಣದಂಡನೆಯಾಯಿತು.