ಎಲ್‌ವಿಎಂ ಲಾಕ್ ಫೈಲ್ ಅಳಿಸಬಹುದಾ? ಮೊದಲು ಲಾಕ್ ಯಾರ ಕೈಲಿದೆ ನೋಡಿ
ನೀವು ಕೇಳಿರುವುದು ಇದು: ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ವ್ಯವಸ್ಥೆ) ಇರುವ ಲಿನಕ್ಸ್ ಸರ್ವರ್‌ನಲ್ಲಿ, ವಾಲ್ಯೂಮ್ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್ ಕಮಾಂಡ್ ಕೊಟ್ಟರೆ ಅಲ್ಲೇ ನಿಂತುಬಿಡುತ್ತದೆ. /ರನ್/ಲಾಕ್/ಎಲ್‌ವಿಎಂ ಡೈರೆಕ್ಟರಿಯಲ್ಲಿ ವಿ_ಡೇಟಾ ಅನ್ನುವ ಫೈಲ್ ಇದೆ. ಅದನ್ನು ಅಳಿಸಿದರೆ ಸರಿಹೋಗುತ್ತಾ?

ದಯವಿಟ್ಟು ಅಳಿಸಬೇಡಿ. ಫೈಲ್ ಇದ್ದ ಮಾತ್ರಕ್ಕೆ ಲಾಕ್ ಬಿದ್ದಿದೆ ಅಂತಲ್ಲ. ಎರಡು ಕಮಾಂಡ್ ಒಟ್ಟಿಗೆ ಬದಲಾವಣೆ ಮಾಡದಂತೆ ತಡೆಯಲು ಎಲ್‌ವಿಎಂ ಇಲ್ಲಿ ಫ್ಲಾಕ್ ಅನ್ನುವ ಫೈಲ್ ಲಾಕ್ ಬಳಸುತ್ತದೆ. ಲಾಕ್‌ನ ಲೆಕ್ಕ ಇಡುವುದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಫೈಲ್ ಅದಕ್ಕೊಂದು ಗುರುತು ಅಷ್ಟೆ. ಲಾಕ್ ಹಿಡಿದ ಪ್ರೋಸೆಸ್ ಸತ್ತರೆ ಕರ್ನಲ್ ತಾನೇ ಅದನ್ನು ಬಿಡಿಸುತ್ತದೆ, ಫೈಲ್ ಉಳಿದಿದ್ದರೂ. ಹಾಗಾಗಿ ನಿಮ್ಮ ಕಮಾಂಡ್ ನಿಜವಾಗಿ ಲಾಕ್‌ಗೇ ಕಾಯುತ್ತಿದ್ದರೆ, ಅದನ್ನು ಹಿಡಿದವರು ಇನ್ನೂ ಬದುಕಿದ್ದಾರೆ. ಅವರನ್ನು ಹುಡುಕಬೇಕು.

ರೂಟ್ ಆಗಿ, ಯಾರು ಯಾವ ಲಾಕ್ ಹಿಡಿದಿದ್ದಾರೆ ಅಂತ ತೋರಿಸುವ ಎಲ್‌ಎಸ್‌ಲಾಕ್ಸ್ ಕಮಾಂಡ್ ಓಡಿಸಿ. ಆ ಫೈಲಿನ ಸಾಲಿನಲ್ಲಿ ಪಿಐಡಿ, ಅಂದರೆ ಪ್ರೋಸೆಸ್‌ನ ಸಂಖ್ಯೆ, ಸಿಗುತ್ತದೆ. ಆಮೇಲೆ ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್‌ನಲ್ಲಿ ಆ ಪ್ರೋಸೆಸ್‌ನ ಸ್ಥಿತಿಯ ಅಕ್ಷರ ನೋಡಿ.

ನನಗೆ ಒಮ್ಮೆ ಸಿಕ್ಕಿದ್ದು 'ಟಿ', ಅಂದರೆ ಯಾರೋ ತಡೆದು ನಿಲ್ಲಿಸಿದ ಪ್ರೋಸೆಸ್. ಜೊತೆಗಿದ್ದ ಹುಡುಗ ಹಳೆಯ ಒಂದು ವಾಲ್ಯೂಮ್ ತೆಗೆಯಲು ಎಲ್‌ವಿರಿಮೂವ್ ಕೊಟ್ಟಿದ್ದ. ಖಚಿತವಾ ಅಂತ ಅದು ಕೇಳಿದಾಗ ಅನುಮಾನ ಬಂದು ಕಂಟ್ರೋಲ್-ಝಡ್ ಒತ್ತಿ ಅದನ್ನು ಅಲ್ಲೇ ನಿಲ್ಲಿಸಿ, ಊಟಕ್ಕೆ ಹೋಗಿಬಿಟ್ಟಿದ್ದ. ನಾನು ಆ ಹೊತ್ತಿಗೆ ಲಾಕ್ ಫೈಲ್ ಅಳಿಸಲು ಕಮಾಂಡ್ ಟೈಪ್ ಮಾಡಿಯಾಗಿತ್ತು, ಎಂಟರ್ ಒತ್ತುವುದಷ್ಟೇ ಬಾಕಿ. ಒತ್ತಿದ್ದರೆ ಏನಾಗುತ್ತಿತ್ತು ಗೊತ್ತಾ? ನನ್ನ ಕಮಾಂಡ್ ಹೊಸ ಫೈಲ್ ಮಾಡಿಕೊಂಡು, ಅದರ ಮೇಲೆ ಇನ್ನೊಂದು ಲಾಕ್ ಹಾಕಿ, ವಾಲ್ಯೂಮನ್ನೂ ಅದರ ಮೇಲಿನ ಫೈಲ್ ಸಿಸ್ಟಂ ಅನ್ನೂ ಹಿಗ್ಗಿಸುತ್ತಿತ್ತು. ಅವನು ವಾಪಸ್ ಬಂದು, ನಿಂತದ್ದನ್ನು ಮುಂದುವರಿಸುವ ಎಫ್‌ಜಿ ಕೊಟ್ಟು 'ವೈ' ಒತ್ತಿದರೆ, ಅವನ ಕಮಾಂಡ್ ಮೊದಲೇ ಓದಿಟ್ಟುಕೊಂಡಿದ್ದ ಹಳೆಯ ಮೆಟಾಡೇಟಾ (ವಾಲ್ಯೂಮ್‌ಗಳ ದಾಖಲೆ) ಆಧರಿಸಿ ಬರೆಯುತ್ತಿತ್ತು. ನಾನು ಹಿಗ್ಗಿಸಿದ್ದು ದಾಖಲೆಯಿಂದಲೇ ಹೋಗುತ್ತಿತ್ತು, ಫೈಲ್ ಸಿಸ್ಟಂ ಮಾತ್ರ ದೊಡ್ಡದಾಗೇ ಇರುತ್ತಿತ್ತು. ಅಂಥದ್ದನ್ನು ಸರಿಮಾಡುವ ಕಷ್ಟ ಯಾರಿಗೂ ಬೇಡ. ಅವನನ್ನು ಕರೆದು 'ಎನ್' ಒತ್ತಿಸಿದೆ. ಲಾಕ್ ಆಗಲೇ ಬಿಟ್ಟಿತು.

'ಡಿ' ಅಂತ ಬಂದರೆ ಕಥೆ ಬೇರೆ. ಪ್ರೋಸೆಸ್ ಡಿಸ್ಕ್‌ನಿಂದ ಉತ್ತರಕ್ಕೆ ಕಾಯುತ್ತಿದೆ. ಬಲವಂತವಾಗಿ ಕೊಲ್ಲುವ ಕಿಲ್ -9 ಕೂಡ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಐಸ್ಕಸಿ (ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್) ಅಥವಾ ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ದಾರಿ) ದಾರಿ ಕಡಿದಿದೆಯಾ ಅಂತ ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ನೋಡಿ, ಮೊದಲು ಅದನ್ನು ಸರಿಮಾಡಿ. ಡಿಎಂಸೆಟಪ್ ಇನ್ಫೋ ಕಮಾಂಡ್‌ನಲ್ಲಿ ಯಾವುದಾದರೂ ಡಿವೈಸ್ 'ಸಸ್ಪೆಂಡೆಡ್' (ತಡೆದು ನಿಲ್ಲಿಸಿದ್ದು) ಅಂತ ಇದೆಯಾ ಅಂತಲೂ ನೋಡಿ. ಎಲ್‌ವಿಎಂ ಕಮಾಂಡನ್ನು ನಡುವೆ ಕೊಂದರೆ ಹೀಗಾಗುವುದುಂಟು. ಆ ಕೆಲಸ ನಿಜಕ್ಕೂ ಸತ್ತಿದೆ ಅಂತ ಖಾತ್ರಿ ಆದಮೇಲೆ ಮಾತ್ರ ಅದನ್ನು ಮುಂದುವರಿಸಲು ಡಿಎಂಸೆಟಪ್ ರೆಸ್ಯೂಮ್ ಕೊಡಿ.

ಎಲ್‌ಎಸ್‌ಲಾಕ್ಸ್‌ನಲ್ಲಿ ಲಾಕ್ ಹಿಡಿದವರೇ ಬೇರೆ ಯಾರೂ ಇಲ್ವಾ? ಹಾಗಾದರೆ ಆ ಫೈಲ್‌ನಿಂದ ತೊಂದರೆಯಿಲ್ಲ, ಬಿಟ್ಟುಬಿಡಿ. ನಿಮ್ಮ ಕಮಾಂಡ್ ಯೂಡೆವ್‌ಗೆ (ಲಿನಕ್ಸ್‌ನಲ್ಲಿ ಡಿವೈಸ್‌ಗಳನ್ನು ನೋಡಿಕೊಳ್ಳುವ ಸೇವೆ) ಕಾಯುತ್ತಿರಬಹುದು. ಕೆಟ್ಟ ಸಿಸ್ಟಂ ಸರಿಮಾಡುವ ರೆಸ್ಕ್ಯೂ ಮೋಡ್‌ನಲ್ಲಿ, ಸಿಎಚ್‌ರೂಟ್ ಮಾಡಿ ಆ ಸಿಸ್ಟಂ ಒಳಗೆ ಹೋಗಿದ್ದಾಗ ಇದು ಜಾಸ್ತಿ. ಡಿಎಂಸೆಟಪ್ ಯೂಡೆವ್‌ಕುಕೀಸ್ ಕೊಟ್ಟರೆ ಹಾಗೆ ಕಾಯುವುದರಲ್ಲಿ ಬಾಕಿ ಉಳಿದವು ಕಾಣುತ್ತವೆ.

ಐಬಿಎಂನ ಎಐಎಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂನ ಉತ್ತರಗಳನ್ನು ಇದಕ್ಕೆ ಬೆರೆಸಬೇಡಿ. ಅಲ್ಲಿ ಕಮಾಂಡ್ ಸತ್ತರೂ ವಾಲ್ಯೂಮ್ ಗ್ರೂಪ್ ಲಾಕ್ ಆಗೇ ಉಳಿಯಬಹುದು, ಬಿಡಿಸಲು ಸಿಎಚ್‌ವಿಜಿ -ಯು ಇದೆ.

ಇಷ್ಟರ ನಡುವೆ ವಾಲ್ಯೂಮ್‌ಗಳ ಸ್ಥಿತಿ ನೋಡಬೇಕಿದ್ದರೆ ವಾಲ್ಯೂಮ್ ಗ್ರೂಪ್‌ಗಳ ಪಟ್ಟಿ ಕೊಡುವ ವಿಜಿಎಸ್ ಕಮಾಂಡ್‌ಗೆ --ರೀಡ್‌ಓನ್ಲಿ ಸೇರಿಸಿ, ಅದು ಲಾಕ್ ಕೇಳುವುದಿಲ್ಲ. ಪಿಎಸ್‌ನಲ್ಲಿ ಯಾವ ಅಕ್ಷರ ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದು ನೋಡೋಣ.