ಗ್ದಾನ್ಸ್ಕ್‌ನ ಕ್ರೇನ್ ಬಾಗಿಲು: ನಿಮ್ಮ ಲೇಖನ ಓದಿದೆ

ನಮಸ್ಕಾರ. ಪೋಲೆಂಡಿನ ಗ್ದಾನ್ಸ್ಕ್ ಊರಿನ ಕ್ರೇನ್ ಬಾಗಿಲಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 'ಮೊಟ್ಲಾವಾ ನದಿಯ ದಡದಲ್ಲಿ ಗತವೈಭವ ಸಾರುತ್ತಾ ನಿಂತಿರುವ ಭವ್ಯ ಸ್ಮಾರಕ' ಅಂತ ಶುರು ಮಾಡಿದ್ದೀರಿ. ಈ ಸಾಲನ್ನು ಯಾವ ಊರಿನ ಕೋಟೆಗೆ ಬೇಕಾದರೂ ಅಂಟಿಸಬಹುದು, ಅಲ್ವಾ? ನಿಮ್ಮ ಬಾಗಿಲು ಹಾಗಿಲ್ಲ. ಎರಡು ದಪ್ಪ ಇಟ್ಟಿಗೆ ಗೋಪುರ, ನಡುವೆ ಊರೊಳಗೆ ಹೋಗುವ ದಾರಿ, ಆ ದಾರಿಯ ಮೇಲೆ ನದಿಯ ಕಡೆಗೆ ಮೂತಿ ಚಾಚಿಕೊಂಡ ಮರದ ಕ್ರೇನ್. ಊರನ್ನು ಕಾಯುವ ಬಾಗಿಲೂ ಅದೇ, ಹಡಗಿನ ಸರಕು ಎತ್ತುವ ಯಂತ್ರವೂ ಅದೇ. ಇಲ್ಲಿಂದಲೇ ಶುರು ಮಾಡಿ.

ನನಗೆ ಜಾಸ್ತಿ ಬೇಜಾರಾಗಿದ್ದು ನಾಲ್ಕನೇ ಪುಟದಲ್ಲಿ. 'ಒಳಗೆ ದೊಡ್ಡ ಗಾಲಿಗಳಿವೆ' ಅಂದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಕಥೆ ಇರುವುದೇ ಅಲ್ಲಿ! ಸುಮಾರು 6 ಮೀಟರ್ ಅಡ್ಡಳತೆಯ ಮರದ ಗಾಲಿ. ಅದರೊಳಗೆ ಆಳುಗಳು ನಿಂತು ನಡೆಯುತ್ತಿದ್ದರು. ಅವರು ನಡೆದರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಅಚ್ಚಿಗೆ ಹಗ್ಗ ಸುತ್ತಿಕೊಳ್ಳುತ್ತದೆ, ಕೆಳಗೆ ಹಡಗಿನಲ್ಲಿದ್ದ ಪೀಪಾಯಿ ಮೇಲೇಳುತ್ತದೆ. ಗಾಲಿ ಒಂದು ಸುತ್ತು ಬರಬೇಕಾದರೆ ಸುಮಾರು 19 ಮೀಟರ್ ನಡೆಯಬೇಕು, ಆದರೆ ಹಗ್ಗ ಸುತ್ತುವುದು ಅಚ್ಚಿನ ಸುತ್ತಳತೆಯಷ್ಟೇ. ಹೆಜ್ಜೆ ಜಾಸ್ತಿ, ಏರುವುದು ಕಡಿಮೆ, ಆದರೆ ಭಾರ ಎಷ್ಟೋ ಪಟ್ಟು. ನಮ್ಮಲ್ಲಿ ಏತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ಬಾವಿಯ ನೀರೆತ್ತುತ್ತಿದ್ದರಲ್ಲ, ಅಲ್ಲೂ ಕೆಲಸ ಮಾಡುವುದು ಮೈಭಾರವೇ. ಹೀಗೆ 4 ಟನ್‌ವರೆಗಿನ ಭಾರವನ್ನು 11 ಮೀಟರ್ ಎತ್ತರಕ್ಕೆ ಏರಿಸುತ್ತಿದ್ದರು. ಹಡಗಿಗೆ ಹಾಯಿಕಂಬ ನಿಲ್ಲಿಸುವುದಕ್ಕೂ ಇದೇ ಕ್ರೇನ್ ಬೇಕಿತ್ತು. ಅದರ ಮೂತಿ ಅತ್ತಿತ್ತ ತಿರುಗುವುದಿಲ್ಲ, ಹಡಗೇ ಸರಿಯಾಗಿ ಕೆಳಗೆ ಬಂದು ನಿಲ್ಲಬೇಕು. ಗಾಲಿಯೊಳಗಿನ ಆಳಿಗೆ ನಡೆಯುತ್ತಾ ಏನು ಕಾಣುತ್ತಿತ್ತು, ಏನು ಕೇಳುತ್ತಿತ್ತು? ನೀವು ಆ ಗಾಲಿಯ ಪಕ್ಕದಲ್ಲೇ ನಿಂತು ಬಂದವರು, ಸ್ವಲ್ಪ ಯೋಚಿಸಿ.

ಒಂದು ದೊಡ್ಡ ತಪ್ಪಿದೆ. 'ಪೋಲೆಂಡಿನ ರಾಜ ಕಟ್ಟಿಸಿದ' ಅಂದಿದ್ದೀರಿ. ಅಲ್ಲ. ಅಲ್ಲಿ ಕ್ರೇನ್ ಇದ್ದದ್ದಕ್ಕೆ 1367ರಷ್ಟು ಹಿಂದೆಯೇ ದಾಖಲೆ ಇದೆ. ಅದು 1442ರಲ್ಲಿ ಸುಟ್ಟುಹೋಯಿತು, ಈಗಿನ ರೂಪ ಬಂದದ್ದು 1444ರ ಹೊತ್ತಿಗೆ. ಆಗ ಊರು ಇನ್ನೂ ಟ್ಯೂಟಾನಿಕ್ ಆರ್ಡರ್ ಎಂಬ ಜರ್ಮನ್ ಧರ್ಮಯೋಧರ ಕೈಯಲ್ಲಿತ್ತು. ಅವರ ವಿರುದ್ಧ ಊರು ತಿರುಗಿಬಿದ್ದು ಪೋಲೆಂಡಿನ ರಾಜನ ಪಕ್ಷ ಸೇರಿದ್ದು 1454ರಲ್ಲಿ. ಈ ಹತ್ತು ವರ್ಷ ಸಣ್ಣದಲ್ಲ. ವ್ಯಾಪಾರದಿಂದ ಬದುಕಿದ, ಹಾನ್ಸಾ ಎಂಬ ವ್ಯಾಪಾರಿ ಊರುಗಳ ಕೂಟಕ್ಕೆ ಸೇರಿದ ಊರು ಅದು, ಕ್ರೇನ್ ಬೇಕಾದದ್ದು ಆ ವ್ಯಾಪಾರಕ್ಕೆ. ರಾಜನನ್ನು ಸುಮ್ನೆ ಒಳಗೆ ತರಬೇಡಿ.

ಇನ್ನೊಂದು ಮಾತು. 'ಮಧ್ಯಯುಗದ ಮರ ಇಂದಿಗೂ ಹಾಗೇ ಇದೆ' ಎಂದು ಬರೆದ ಸಾಲು ಸರಿಯಲ್ಲ. 1945ರಲ್ಲಿ ಯುದ್ಧದ ಬೆಂಕಿಗೆ ಮರದ ಭಾಗವೆಲ್ಲ ಸುಟ್ಟಿತು, ಇಟ್ಟಿಗೆ ಗೋಪುರಗಳು ಮುರಿದು ನಿಂತವು. ನಾವು ಈಗ ನೋಡುವ ಮರ ಯುದ್ಧದ ನಂತರ ಮತ್ತೆ ಕಟ್ಟಿದ್ದು, ಈಗ ಅದು ಕಡಲ ಮ್ಯೂಸಿಯಂನ ಭಾಗ. ಇದನ್ನು ಹೇಳಿದರೆ ಲೇಖನದ ತೂಕ ಕಡಿಮೆಯಾಗುತ್ತದೆ ಅಂತ ಹೆದರಬೇಡಿ. ಊರಿಗೆ ಊರೇ ಬೂದಿಯಾದಾಗ, ಕೆಲಸವಿಲ್ಲದ ಒಂದು ಹಳೇ ಕ್ರೇನನ್ನು ಜನ ಯಾಕೆ ಮತ್ತೆ ಕಟ್ಟಿಕೊಂಡರು? ಓದುವವರಿಗೆ ಇದು ಖಂಡಿತ ಬೇಕು.

ಕೊನೆಯ ಪುಟದಲ್ಲಿ 'ಕೊಕ್ಕೆಯ ಕೆಳಗೆ ನಿಂತು ಕತ್ತೆತ್ತಿದೆ, ಆಕಾಶ ಕಾಣಲಿಲ್ಲ, ಬರೀ ಕಪ್ಪು ಮರ' ಅಂತ ಬರೆದಿದ್ದೀರಲ್ಲ, ಆ ಸಾಲಿಗಾಗಿಯೇ ನಾನು ಎರಡನೇ ಸಲ ಓದಿದ್ದು. ಅದನ್ನು ಮೊದಲಿಗೆ ತನ್ನಿ. ಸಾವಿರ ಪದ ಸಾಕು. ಫೋಟೋ ಕಳಿಸುವುದಾದರೆ ನದಿಯ ಆಚೆ ದಡದಿಂದ ತೆಗೆದದ್ದು ಬೇಡ, ಹೀಗೆ ಕತ್ತೆತ್ತಿ ತೆಗೆದದ್ದು ಇದ್ದರೆ ಕಳಿಸಿ.