ಮಗ ಫ್ರಟರ್ನಿಟಿ ಸೇರುತ್ತೇನೆ ಅಂದಾಗ

ನಿಮ್ಮ ಪ್ರಶ್ನೆ ಓದಿದೆ. ನೀವು ಹಾಸನದಿಂದ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಎರಡು ವರ್ಷವಾಗಿದೆ. ಮಗ ಈ ಆಗಸ್ಟ್‌ನಲ್ಲಿ ಕಾಲೇಜು ಸೇರಿದ್ದಾನೆ. ಈಗ ಯಾವುದೋ ಫ್ರಟರ್ನಿಟಿಯ (ಕಾಲೇಜು ಹುಡುಗರ ಖಾಸಗಿ ಸಂಘ) ರಶ್‌ಗೆ, ಅಂದರೆ ಸೇರ್ಪಡೆಯ ಸುತ್ತಿಗೆ, ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಇದು ನಮ್ಮ ಕಡೆಯ ರ‍್ಯಾಗಿಂಗೇ ಅಲ್ವಾ, ಬೇಡ ಅಂದುಬಿಡಲಾ ಎಂದು ಕೇಳಿದ್ದೀರಿ. ನಿಮ್ಮ ಯಜಮಾನರು "ನಾಲ್ಕು ಜನರ ಪರಿಚಯ ಆಗುತ್ತೆ, ಹೋಗಲಿ ಬಿಡು" ಅಂದರಂತೆ.

ಬೇಡ ಅನ್ನಬೇಡಿ. ಅಂದರೆ ನಿಮಗೆ ಹೇಳದೇ ಹೋಗುತ್ತಾನೆ, ಅಷ್ಟೇ. ಹಾಗಂತ ನಿಮ್ಮ ಯಜಮಾನರ ಹಾಗೆ ಸುಮ್ನೆ ಕೂರುವುದೂ ಬೇಡ. ನಾನು ಈ ದೇಶಕ್ಕೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ನನ್ನ ಮಗಳು ಸೊರಾರಿಟಿಯಲ್ಲಿದ್ದಳು (ಹುಡುಗಿಯರ ಅಂಥದ್ದೇ ಸಂಘ), ಅಕ್ಕನ ಮಗ ಫ್ರಟರ್ನಿಟಿಯಲ್ಲಿದ್ದ. ಇಬ್ಬರನ್ನೂ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ.

ರ‍್ಯಾಗಿಂಗ್ ತರಹ ಹೌದು, ಆದರೆ ಒಂದು ವ್ಯತ್ಯಾಸವಿದೆ. ಊರಲ್ಲಿ ಸೀನಿಯರ್‌ಗಳು ನಮ್ಮ ಹಾಸ್ಟೆಲ್ ರೂಮಿನ ಬಾಗಿಲು ಬಡಿಯುತ್ತಿದ್ದರು. ನಾವು ತಪ್ಪಿಸಿಕೊಳ್ಳಲು ನೋಡುತ್ತಿದ್ದೆವು. ಇಲ್ಲಿ ಹುಡುಗನೇ ಹೋಗಿ ಬಾಗಿಲು ತಟ್ಟುತ್ತಾನೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ದಯವಿಟ್ಟು ನನ್ನನ್ನು ಸೇರಿಸಿಕೊಳ್ಳಿ ಎಂದು ನಿಲ್ಲುತ್ತಾನೆ. ಮೇಲೆ ಫೀಸು ಬೇರೆ ಕಟ್ಟುತ್ತಾನೆ. ಹಾಗಾಗಿ "ಯಾರಾದರೂ ಏನಾದರೂ ಮಾಡು ಅಂದರೆ ಆಗಲ್ಲ ಅನ್ನು ಪುಟ್ಟಾ" ಎಂಬ ನಮ್ಮ ಹಳೆಯ ಬುದ್ಧಿಮಾತು ಇಲ್ಲಿ ನಡೆಯುವುದಿಲ್ಲ. ಆಗಲ್ಲ ಅನ್ನಲು ಅವನಿಗೆ ಮನಸ್ಸೇ ಇರುವುದಿಲ್ಲ.

ನಮ್ಮಲ್ಲಿ 2009ರಲ್ಲಿ ಹಿಮಾಚಲದ ಮೆಡಿಕಲ್ ವಿದ್ಯಾರ್ಥಿ ಅಮನ್ ಕಚ್ರೂ ರ‍್ಯಾಗಿಂಗ್‌ಗೆ ಬಲಿಯಾದ ಮೇಲೆ ಯುಜಿಸಿ ದೇಶಕ್ಕೆಲ್ಲ ಒಂದು ನಿಯಮ ತಂದಿತು. ಅಡ್ಮಿಷನ್ ವೇಳೆ ಮಕ್ಕಳೂ ತಂದೆತಾಯಿಯೂ ರ‍್ಯಾಗಿಂಗ್ ವಿರುದ್ಧ ಅಫಿಡವಿಟ್ ಬರೆದುಕೊಡುತ್ತಾರೆ. ಇಲ್ಲಿ ಹೇಜಿಂಗ್‌ಗೆ, ಅಂದರೆ ಸಂಘ ಸೇರುವವರಿಗೆ ಕೊಡುವ ಕಾಟಕ್ಕೆ, ಶಿಕ್ಷೆ ಏನು ಎಂಬುದು ಆಯಾ ರಾಜ್ಯದ ಕಾನೂನು. ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ.

ಮೊದಲು ವ್ಯವಸ್ಥೆ ತಿಳಿದುಕೊಳ್ಳಿ. ಗ್ರೀಕ್ ಅಕ್ಷರದ ಹೆಸರಿರುವ ಮೊದಲ ಸಂಘ ಫೈ ಬೀಟಾ ಕಪ್ಪಾ, 1776ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ್ದು. ಇವತ್ತಿನ ರೀತಿಯ ಫ್ರಟರ್ನಿಟಿಗಳು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರ ಹೊತ್ತಿಗೆ ಶುರುವಾದವು. ಸೆಮಿಸ್ಟರ್ ಮೊದಲಲ್ಲಿ ರಶ್. ಅಂದರೆ ಆ ಸಂಘಗಳ ಮನೆ ಮನೆ ಸುತ್ತಿ ಮುಖಪರಿಚಯ ಮಾಡಿಕೊಳ್ಳುವುದು. ಇಷ್ಟವಾದರೆ ಅವರು ಬಿಡ್, ಅಂದರೆ ಸೇರಲು ಕರೆ, ಕೊಡುತ್ತಾರೆ. ಒಪ್ಪಿಕೊಂಡರೆ ಕೆಲವು ವಾರ ನೀವು ಪ್ಲೆಡ್ಜ್, ಅಂದರೆ ಉಮೇದುವಾರ. ಆಮೇಲೆ ಪ್ರಮಾಣ, ಗುಟ್ಟಿನ ಪೂಜೆ ಪುನಸ್ಕಾರ, ಬ್ರದರ್ ಪಟ್ಟ. ಅಪಾಯ ಇರುವುದು ಜಾಸ್ತಿ ಆ ಮಧ್ಯದ ವಾರಗಳಲ್ಲಿ. ಕರಿಯರಿಗೆ ಬೇರೆ ಸಂಘಗಳಿವೆ. ಕಮಲಾ ಹ್ಯಾರಿಸ್ ಇದ್ದದ್ದು 1908ರಲ್ಲಿ ಹೋವರ್ಡ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಆಲ್ಫಾ ಕಪ್ಪಾ ಆಲ್ಫಾದಲ್ಲಿ. ನಮ್ಮವರೂ ಹಿಂದೆ ಬಿದ್ದಿಲ್ಲ. ಸಿಗ್ಮಾ ಬೀಟಾ ರೋ 1996ರಲ್ಲಿ, ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಶುರುವಾದವು. ಎರಡರಲ್ಲೂ ದೇಸಿ ಹುಡುಗರೇ ಹೆಚ್ಚು. ಹುಡುಗಿಯರಿಗೆ ಕಪ್ಪಾ ಫೈ ಗಾಮಾ, ಡೆಲ್ಟಾ ಫೈ ಒಮೇಗಾ ಇವೆ.

"ನಮ್ಮವರದ್ದಾದರೆ ಪರವಾಗಿಲ್ಲ ಅಲ್ವಾ?" ಎಂದು ನೀವು ಕೇಳುತ್ತೀರಿ ಅಂತ ಗೊತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಅಕ್ಕನ ಮಗ ಸೇರಿದ್ದು ಅಂಥದ್ದೇ ಒಂದಕ್ಕೆ. ಹೆಸರು ಬೇಡ.

ಅವನು ಪ್ಲೆಡ್ಜ್ ಆಗಿದ್ದಾಗ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದ. ಹೆಗಲಿನ ಚೀಲ ಇಳಿಸಲೇ ಇಲ್ಲ. ಊಟಕ್ಕೆ ಕೂತಾಗಲೂ ಕಾಲ ಸಂದಿಯಲ್ಲಿ ಇಟ್ಟುಕೊಂಡ. ಒಬ್ಬಟ್ಟು ಬಡಿಸುತ್ತಾ ಏನಪ್ಪಾ ಅದು ಅಂದೆ. ನಾಚಿಕೊಂಡು ತೆಗೆದು ತೋರಿಸಿದ. ಎರಡು ಬ್ರ್ಯಾಂಡ್ ಸಿಗರೇಟು, ಲೈಟರು, ಮೂರು ಬಗೆಯ ಚ್ಯೂಯಿಂಗ್ ಗಮ್, ತಲೆನೋವಿನ ಮಾತ್ರೆ, ಫೋನ್ ಚಾರ್ಜರು, ಹೇಳಲು ನಾಚಿಕೆಯಾಗುವ ಇನ್ನೊಂದು ಪ್ಯಾಕೆಟ್ಟು. ಬ್ರದರ್‌ಗಳು ಯಾವಾಗ ಏನು ಕೇಳಿದರೂ ಚೀಲದಿಂದ ತೆಗೆದು ಕೊಡಬೇಕು. ಈ ಹುಡುಗ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಜೊತೆಗೊಂದು ನೋಟ್‌ಬುಕ್ಕು. ಎಲ್ಲ ಬ್ರದರ್‌ಗಳ ಹುಟ್ಟೂರು, ಹುಟ್ಟಿದ ದಿನ, ಮೇಜರು (ಓದುವ ಮುಖ್ಯ ವಿಷಯ) ಬಾಯಿಪಾಠ ಮಾಡಿ ಒಬ್ಬೊಬ್ಬರ ಸಹಿ ತರಬೇಕು. ರಾತ್ರಿ ಎರಡಕ್ಕೆ ಫೋನ್ ಬಂದರೆ ಎದ್ದು, ಕುಡಿದವರನ್ನು ಕಾರಿನಲ್ಲಿ ಮನೆಗೆ ಬಿಡಬೇಕು. ಆ ಸೆಮಿಸ್ಟರ್ ಕ್ಯಾಲ್ಕುಲಸ್‌ನಲ್ಲಿ ಡುಮ್ಕಿ ಹೊಡೆದ.

ಏಟು ಬಿದ್ದಿರಲಿಲ್ಲ. ಮೈಮೇಲೆ ಗಾಯವಿಲ್ಲ. ಕೇಳಿದರೆ "ಚಿಕ್ಕಮ್ಮಾ, ಇದು ಹೇಜಿಂಗ್ ಅಲ್ಲ, ಟ್ರೆಡಿಷನ್" ಅಂದ. ಆದರೆ ಸಾಮಾನ್ಯವಾಗಿ ಕಾಲೇಜುಗಳ ನಿಯಮಪುಸ್ತಕ ತೆಗೆದರೆ ಇಂಥ ಊಳಿಗವೂ ಹೇಜಿಂಗೇ. ಮರುವರ್ಷ ಅವನೇ ಹೊಸಬರ ಚೀಲ ತಪಾಸಣೆ ಮಾಡುತ್ತಿದ್ದ. "ನಾವು ಮಾಡಿಲ್ವಾ?" ಎಂಬ ಮಾತು ಅವನ ಬಾಯಲ್ಲಿ ಕೇಳಿದಾಗ ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿ ಆಯಿತು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರಪ್ಪ ಅಂದಿದ್ದೂ ಇದೇ ಮಾತು.

ಕಷ್ಟ ಪಟ್ಟು ಸೇರಿದ ಗುಂಪಿನ ಮೇಲೆ ಯಾಕೆ ಅಷ್ಟು ಪ್ರೀತಿ ಅಂತ 1959ರಲ್ಲೇ ಅರಾನ್ಸನ್ ಮತ್ತು ಮಿಲ್ಸ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ದರು. ಚರ್ಚಾಕೂಟ ಸೇರಲು ಬಂದ ಹುಡುಗಿಯರಲ್ಲಿ ಕೆಲವರಿಗೆ ತುಂಬಾ ಮುಜುಗರದ ಪರೀಕ್ಷೆ ಕೊಟ್ಟರು. ಉಳಿದವರಿಗೆ ಹಗುರದ್ದು, ಇಲ್ಲವೇ ಏನೂ ಇಲ್ಲ. ಆಮೇಲೆ ಬೇಕೆಂದೇ ತಯಾರಿಸಿದ ಬೋರು ಹೊಡೆಸುವ ಚರ್ಚೆ ಕೇಳಿಸಿದರು. ಮುಜುಗರ ಪಟ್ಟವರೇ ಅದನ್ನು ಚೆನ್ನಾಗಿದೆ ಅಂದರು. ಅಷ್ಟು ಪಾಡು ಪಟ್ಟ ಮೇಲೆ ಬಂದದ್ದು ಸಪ್ಪೆ ಅಂತ ಒಪ್ಪಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ಹೇಜಿಂಗ್ ಬೇಕು ಅನ್ನುವವರ ವಾದವೂ ಇದೇ: ಒಟ್ಟಿಗೆ ನೊಂದವರು ಒಟ್ಟಿಗೆ ಇರುತ್ತಾರೆ, ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ. ಪೂರ್ತಿ ಸುಳ್ಳಲ್ಲ. ಆದರೆ ಕಷ್ಟ ಕೊಡಲು ನೂರು ದಾರಿ ಇವೆ. ಮನೆ ಕಟ್ಟುವ ಸೇವೆಗೆ ಕಳಿಸಿ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಡಿಸಿ. ಬಾಟಲಿಯೇ ಯಾಕೆ ಬೇಕು?

ಬಾಟಲಿ ಅಂದೆ. ನೀವಿರುವ ಜಾಗದಿಂದ ದೂರವಿಲ್ಲದ ಕಥೆ ಇದು. ಸ್ಟೋನ್ ಫೋಲ್ಟ್ಸ್ ಎಂಬ ಇಪ್ಪತ್ತು ವರ್ಷದ ಹುಡುಗ, ಕೊಲಂಬಸ್ ಪಕ್ಕದ ಡೆಲವೇರ್‌ನವನು. ಬೌಲಿಂಗ್ ಗ್ರೀನ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ. 2021ರ ಮಾರ್ಚ್‌ನಲ್ಲಿ ಪೈ ಕಪ್ಪಾ ಆಲ್ಫಾ ಫ್ರಟರ್ನಿಟಿಯಲ್ಲಿ ಹೊಸಬನಿಗೆ "ಬಿಗ್ ಬ್ರದರ್", ಅಂದರೆ ನೋಡಿಕೊಳ್ಳುವ ಒಬ್ಬ ಹಿರಿಯ ಸದಸ್ಯನನ್ನು, ಕೊಡುವ ರಾತ್ರಿ. ಬಿಗ್ ಕೊಟ್ಟ ಇಡೀ ಬಾಟಲಿ ಬರ್ಬನ್ ವಿಸ್ಕಿ ಕುಡಿದು ಮುಗಿಸುವುದು ಅಲ್ಲಿನ ಸಂಪ್ರದಾಯ. ಕುಡಿದ. ಅವನನ್ನು ಅಪಾರ್ಟ್‌ಮೆಂಟಿಗೆ ತಂದು ಬಿಟ್ಟು ಹೋದರು. ಮೂರು ದಿನಕ್ಕೆ ತೀರಿಕೊಂಡ. 2023ರಲ್ಲಿ ಆ ಯೂನಿವರ್ಸಿಟಿ ಮನೆಯವರಿಗೆ ಸುಮಾರು 29 ಲಕ್ಷ ಡಾಲರ್ ಕೊಡಲು ಒಪ್ಪಿತು.

ಪೆನ್ ಸ್ಟೇಟ್ ಯೂನಿವರ್ಸಿಟಿಯ ಟಿಮೊತಿ ಪಿಯಾಜಾ ಹೆಸರು ನೀವು ಕೇಳಿರಬಹುದು. 2017ರ ಫೆಬ್ರವರಿ, ಬೀಟಾ ಥೀಟಾ ಪೈ ಮನೆ. ಕಾಗದದಲ್ಲಿ ಅದು ಮದ್ಯವೇ ಇಲ್ಲದ ಮನೆ. ಒಳಗೆಲ್ಲ ಕ್ಯಾಮೆರಾಗಳಿದ್ದವು, ಹಾಗಾಗಿ ನಡೆದದ್ದು ಊರಿಗೆಲ್ಲ ಗೊತ್ತಾಯಿತು. ಸಾಲಾಗಿ ಕುಡಿಸಿದರು, ಹುಡುಗ ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದ. ಮಲಗಿದ್ದವನ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗು ಕಟ್ಟಿದರು, ಅಂಗಾತ ಹೊರಳಿ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳಬಾರದು ಅಂತ. ಅಂದರೆ ಜೀವಕ್ಕೆ ಅಪಾಯ ಅಂತ ಗೊತ್ತಿತ್ತು. ಆದರೂ ತುರ್ತು ಸಹಾಯದ 911ಕ್ಕೆ ಫೋನು ಹೋದದ್ದು ಸುಮಾರು ಹನ್ನೆರಡು ಗಂಟೆ ಕಳೆದ ಮೇಲೆ, ಮರುದಿನ ಬೆಳಿಗ್ಗೆ. ಹುಡುಗ ಉಳಿಯಲಿಲ್ಲ. ನಡುವೆ ಒಬ್ಬ ಹೊಸ ಹುಡುಗ ಆಸ್ಪತ್ರೆಗೆ ಸೇರಿಸೋಣ ಅಂದಿದ್ದ. ಅವನನ್ನು ಸುಮ್ಮನಾಗಿಸಿದರು. ನಿಮ್ಮ ಮಗ ಬಿದ್ದವನೇ ಆಗಬೇಕಿಲ್ಲ, ಆ ಇನ್ನೊಬ್ಬ ಹುಡುಗನೂ ಆಗಿರಬಹುದು. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಇನ್ನು ಸಂಪ್ರದಾಯದ ಮಾತು. ಹೇಜಿಂಗ್ ಹಳೆಯದು ನಿಜ. 1873ರಲ್ಲೇ ಕಾರ್ನೆಲ್‌ನಲ್ಲಿ ಫ್ರಟರ್ನಿಟಿ ಸೇರಲು ಹೋದ ಹುಡುಗನೊಬ್ಬ ಕಮರಿಗೆ ಬಿದ್ದು ಸತ್ತಿದ್ದ. ಈ ಸಾವುಗಳ ಲೆಕ್ಕ ಇಟ್ಟ ಪತ್ರಕರ್ತ ಹ್ಯಾಂಕ್ ನೂವರ್ ಪಟ್ಟಿ ಪ್ರಕಾರ 1959ರಿಂದ 2021ರವರೆಗೆ ಒಂದು ವರ್ಷವೂ ಬಿಟ್ಟಿಲ್ಲ, ಕನಿಷ್ಠ ಒಂದು ಸಾವು. ಆದರೆ "ತಲೆತಲಾಂತರದಿಂದ ಬಂದದ್ದು" ಎನ್ನುವುದರಲ್ಲಿ ಎಷ್ಟೋ ನಿನ್ನೆ ಮೊನ್ನೆಯದು. ಪೈ ಡೆಲ್ಟಾ ಸೈ ಏಷ್ಯನ್ ಹುಡುಗರ ಫ್ರಟರ್ನಿಟಿ, ಹುಟ್ಟಿದ್ದು 1994ರಲ್ಲಿ. 2013ರ ಡಿಸೆಂಬರ್‌ನಲ್ಲಿ ಬರೂಕ್ ಕಾಲೇಜಿನ ಮೈಕೆಲ್ ಡೆಂಗ್‌ನನ್ನು ಪೆನ್ಸಿಲ್ವೇನಿಯಾದ ಬೆಟ್ಟಕ್ಕೆ ಕರೆದೊಯ್ದರು. ಕಣ್ಣಿಗೆ ಬಟ್ಟೆ, ಬೆನ್ನಿಗೆ ಮರಳಿನ ಚೀಲ. ಹೆಪ್ಪುಗಟ್ಟಿದ ಹಿತ್ತಲಲ್ಲಿ ನಡೆಯುವಾಗ ಉಳಿದವರು ಬಂದು ಗುದ್ದಿ ಕೆಡವಬೇಕು. ವಲಸೆ ಬಂದ ಹಿರಿಯರು ಪಟ್ಟ ಕಷ್ಟ ಮಕ್ಕಳಿಗೆ ಗೊತ್ತಾಗಲಿ ಅಂತ ಈ ಆಚರಣೆಯಂತೆ! ತಲೆಗೆ ಪೆಟ್ಟಾಗಿ ಹುಡುಗ ಸತ್ತ. ಆ ಸಂಪ್ರದಾಯಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 2018ರಲ್ಲಿ ಕೋರ್ಟು ಆ ಫ್ರಟರ್ನಿಟಿಯನ್ನೇ ಹತ್ತು ವರ್ಷ ಪೆನ್ಸಿಲ್ವೇನಿಯಾದಿಂದ ಹೊರಗಿಟ್ಟಿತು. ವಲಸೆ ಬಂದವರ ಕಷ್ಟ ತಿಳಿಯಬೇಕಾದರೆ ನಿಮ್ಮ ಮಗ ನಿಮ್ಮನ್ನು ಕೇಳಲಿ.

ಬದಲಾಯಿಸಲು ಆಗುವುದಿಲ್ಲವೇ? ಆಗುತ್ತದೆ. ಸಾವುಗಳಿಂದಲೇ ಕುಖ್ಯಾತಿ ಪಡೆದಿದ್ದ ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ ಪ್ಲೆಡ್ಜ್ ಪದ್ಧತಿಯನ್ನೇ ತೆಗೆದುಹಾಕಿತು. ಬಿಡ್ ಸಿಕ್ಕ ಕೂಡಲೇ ಸದಸ್ಯ. ಹಳೆಯ ಸದಸ್ಯರು ಗೋಳಾಡಿದರು, ಸಂಘ ಮುಳುಗಲಿಲ್ಲ. ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ 2019ರಲ್ಲಿ ಫ್ರಟರ್ನಿಟಿಗಳು ತಾವೇ ಬಾಗಿಲು ಹಾಕಿಕೊಂಡವು. ಹಾರ್ವರ್ಡ್ ಗಂಡಸರದ್ದೇ, ಹೆಂಗಸರದ್ದೇ ಸಂಘಗಳಿಗೆ ಕಡಿವಾಣ ಹಾಕಲು ಹೋಗಿ, ಕೋರ್ಟು ಕೇಸು ಬಿದ್ದು, 2020ರಲ್ಲಿ ಕೈಬಿಟ್ಟಿತು. ನನ್ನ ಕೇಳಿದರೆ ಎಲ್ಲವನ್ನೂ ಮುಚ್ಚಿದರೆ ಹೆಸರಿಲ್ಲದ ಬಾಡಿಗೆ ಮನೆಗಳಲ್ಲಿ ಅದೇ ನಡೆಯುತ್ತದೆ. ಇಪ್ಪತ್ತೊಂದರ ಒಳಗೆ ಕುಡಿಯುವಂತಿಲ್ಲ ಎಂಬ ಕಾನೂನಿರುವ ದೇಶದಲ್ಲಿ ಕುಡಿತ ಯಾವಾಗಲೂ ಬಾಗಿಲ ಹಿಂದೆಯೇ.

ಸೊರಾರಿಟಿ ಬಗ್ಗೆ ಸ್ವಲ್ಪ. ಅವರ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯ ಇರುವುದಿಲ್ಲ. ಅಲ್ಲಿ ನೋವು ಬೇರೆ ಥರ. ಬಟ್ಟೆ, ಮೈಕಟ್ಟು, ಯಾರ ಪಕ್ಕ ಕೂತೆ ಎಲ್ಲಕ್ಕೂ ಅಂಕ. ನನ್ನ ಮಗಳು ರಶ್ ವಾರದಲ್ಲಿ ಎರಡು ಸಲ ಅತ್ತು ಫೋನ್ ಮಾಡಿದ್ದಳು. ಸೇರಿದ ಮೇಲೆ ಚೆನ್ನಾಗಿಯೇ ಇದ್ದಳು. ಅವಳ ಮದುವೆಗೆ ಮೈಸೂರಿಗೆ ಬಂದು ಸೀರೆ ಉಟ್ಟು ಬಡಿಸಿದವರು ಆ ಗೆಳತಿಯರೇ. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಈಗ ನೀವು ಮಾಡಬೇಕಾದ್ದು. 2024ರ ಡಿಸೆಂಬರ್‌ನಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಎಂಬ ಕೇಂದ್ರ ಕಾನೂನು ಬಂದಿದೆ. ತಪ್ಪು ಸಾಬೀತಾದ ಸಂಘಗಳ ಹೆಸರು, ಏನು ನಡೆಯಿತು, ಏನು ಶಿಕ್ಷೆ ಎಂಬುದನ್ನು ಕಾಲೇಜುಗಳು ಸಾರ್ವಜನಿಕವಾಗಿ ಹಾಕಲೇಬೇಕು. ಮಗನ ಜೊತೆ ಕೂತು ಅವನ ಕಾಲೇಜಿನ ಆ ವರದಿ ತೆಗೆಯಿರಿ. ಅವನು ಹೇಳುವ ಮನೆಯ ಹೆಸರು ಅಲ್ಲಿದ್ದರೆ ವಾದವೇ ಬೇಡ. ಇಲ್ಲದಿದ್ದರೆ ಪ್ಲೆಡ್ಜ್ ಅವಧಿ ಎಷ್ಟು ವಾರ, ರಾತ್ರಿ ಎಷ್ಟು ಹೊತ್ತಿನವರೆಗೆ, ಬಿಗ್ ಬ್ರದರ್ ರಾತ್ರಿ ಏನು ನಡೆಯುತ್ತದೆ ಎಂದು ಅವನೇ ಅವರನ್ನು ಕೇಳಲಿ. "ಅದನ್ನೆಲ್ಲ ಹೇಳುವಂತಿಲ್ಲ" ಅಂದರೆ ಅದೇ ಉತ್ತರ.

ಇನ್ನೊಂದು ವಿಷಯ ನಿಮ್ಮ ಯಜಮಾನರಿಗೆ ಓದಿ ಹೇಳಿ. 2021ರಲ್ಲಿ ಒಹಾಯೋದಲ್ಲಿ ಹೇಜಿಂಗ್ ವಿರುದ್ಧ ಕಾಲಿನ್ಸ್ ಲಾ ಬಂತು. ಒತ್ತಾಯದಿಂದ ಕುಡಿಸಿ ಗಂಭೀರ ಹಾನಿಯಾದರೆ ಅದು ಫೆಲನಿ, ಅಂದರೆ ಘೋರ ಅಪರಾಧ. ಮಗ ಎಚ್4 (ಅವಲಂಬಿತರ ವೀಸಾ) ಮೇಲಿದ್ದಾನೆ ಅಂದಿರಿ. ಇವತ್ತು ಪ್ಲೆಡ್ಜ್, ಮುಂದಿನ ವರ್ಷ ಬಾಟಲಿ ಕೈಗೆ ಕೊಡುವ ಬಿಗ್ ಬ್ರದರ್ ಅವನೇ. ಸಿಟಿಜನ್ ಹುಡುಗನಿಗೆ ಕೇಸು ಅಂದರೆ ಕೇಸು ಮಾತ್ರ. ನಮ್ಮ ಹುಡುಗನಿಗೆ ವೀಸಾ, ಗ್ರೀನ್ ಕಾರ್ಡ್ ಎಲ್ಲಕ್ಕೂ ತಗಲುತ್ತದೆ. ನಾಲ್ಕು ಜನರ ಪರಿಚಯ ಆಗ ಕೆಲಸಕ್ಕೆ ಬರುವುದಿಲ್ಲ, ವಕೀಲರು ಬೇಕಾಗುತ್ತಾರೆ.

ಮಗನಿಗೆ ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿ. ಯಾರಾದರೂ ಎಬ್ಬಿಸಿದರೂ ಏಳದಿದ್ದರೆ 911. ಸೀನಿಯರ್ ಬೇಡ ಅಂದರೂ 911. ಬಹಳಷ್ಟು ಕಾಲೇಜುಗಳಲ್ಲಿ ಸಹಾಯಕ್ಕೆ ಕರೆದವನ ಮೇಲೆ ಕುಡಿತದ ಕ್ರಮ ತೆಗೆದುಕೊಳ್ಳುವುದಿಲ್ಲ. ಅವನ ಕಾಲೇಜಿನಲ್ಲಿ ಆ ನಿಯಮ ಹೇಗಿದೆ ಅಂತ ಈಗಲೇ ನೋಡಿಕೊಳ್ಳಲಿ. ನಿಮಗೆ ಎಷ್ಟೇ ರಾತ್ರಿಯಾದರೂ ಫೋನ್ ಮಾಡಬಹುದು, ಬೈಯುವುದಿಲ್ಲ ಅಂತಲೂ ಹೇಳಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ.

ಬಿಡ್ ಸಿಕ್ಕರೆ ಒಂದು ಒಪ್ಪಂದದ ಕಾಗದ ಕೊಡುತ್ತಾರೆ. ಸೆಮಿಸ್ಟರ್ ಫೀಸು, ಮಧ್ಯೆ ಬಿಟ್ಟರೆ ಎಷ್ಟು ದುಡ್ಡು ವಾಪಸ್, ಮುಂದೆ ಆ ಮನೆಯಲ್ಲೇ ಇರಬೇಕು ಎಂಬ ಷರತ್ತು, ಎಲ್ಲ ಅದರಲ್ಲೇ ಇರುತ್ತದೆ. ಸಹಿ ಹಾಕುವ ಮುಂಚೆ ನನಗೊಂದು ಪ್ರತಿ ಕಳಿಸಿ, ಓದಿ ಹೇಳುತ್ತೇನೆ.